ಒಗ್ಗರಣೆಗೆ ಮುಂಚಿನ ಪಾಲು

ಸೊಣ್ಣಮ್ಮನ ಮನೆಯಲ್ಲಿ ಬೈರ ಉಣ್ಣದೆ ಯಾರೂ ಉಣ್ಣುವ ಹಾಗಿಲ್ಲ. ಮಗ ಮುರಳಿ ಶಿಫ್ಟಿಗೆ ಹೊತ್ತಾಯಿತೆಂದು ಕುಣಿದರೂ ಅಷ್ಟೆ, ಸೊಸೆ ವೇಣಿ ಬಸ್ಸು ತಪ್ಪುತ್ತದೆಂದು ಗೊಣಗಿದರೂ ಅಷ್ಟೆ. ಒಲೆಯಿಂದ ಅಡುಗೆ ಇಳಿದ ಕೂಡಲೇ ಮೊದಲ ಪಾಲು ಬಾಗಿಲ ಪಕ್ಕದ ಕಲ್ಲಿನ ಬಟ್ಟಲಿಗೆ ಬೀಳಬೇಕು. ಅದು ಬೈರನ ಬಟ್ಟಲು.

ಬೈರ ಅವರ ಮನೆಯ ನಾಯಿ. ಕಂದು ಮೈ, ಎದೆಯ ಮೇಲೊಂದು ಬಿಳಿ ಮಚ್ಚೆ. ಬೊಮ್ಮಸಂದ್ರದಲ್ಲಿ ಕಾರ್ಖಾನೆ ಗೇಟಿನ ಹತ್ತಿರ ಮರಿಯಾಗಿ ಕುಂಯ್‌ಗುಡುತ್ತಿದ್ದಾಗ ಮುರಳಿಯೇ ಊಟದ ಬ್ಯಾಗಿನಲ್ಲಿಟ್ಟುಕೊಂಡು ತಂದದ್ದು. ಸೊಣ್ಣಮ್ಮನ ಮನೆದೇವರು ಬೈರಪ್ಪ, ನಾಯಿ ಬೈರಪ್ಪನ ವಾಹನ. ಮಗನ ಕೈಲಿ ದೇವರೇ ಕಳಿಸಿದ ಎಂದುಕೊಂಡು ಆಕೆ ಮರಿಗೆ ಆ ಹೆಸರೇ ಇಟ್ಟಳು. ಅತ್ತೆಯ ಕಾಲದಿಂದ ನಡೆದು ಬಂದ ಮೊದಲ ಪಾಲಿನ ಪದ್ಧತಿಯನ್ನು ಅವನಿಗೆ ನಡೆಸಿಕೊಂಡು ಬಂದಳು.

ಎಲೆಕ್ಟ್ರಾನಿಕ್ ಸಿಟಿಯಿಂದ ಆನೇಕಲ್ ಕಡೆ ಹೋಗುವಾಗ ಸಿಗುವ ಅವರ ಮುನಿವೀರನಪಾಳ್ಯದಲ್ಲಿ ಈಗ ಹೊಲಗಳಿಲ್ಲ. ಸೊಣ್ಣಮ್ಮ ಅವರೆ ಬಿಡಿಸುತ್ತಿದ್ದ ಜಾಗದಲ್ಲಿ ಪಿ.ಜಿ. ಕಟ್ಟಡ ಎದ್ದಿದೆ. ಅವಳ ಮನೆಯ ಮೇಲೂ ಒಂದು ಮಹಡಿ ಏರಿದೆ. ಅಲ್ಲಿ ಹಾವೇರಿ ಕಡೆಯ ವಿಶ್ವನಾಥ್ ಮತ್ತು ಕಾವ್ಯಾ ಬಾಡಿಗೆಗಿದ್ದಾರೆ. ಇಬ್ಬರಿಗೂ ಕಂಪನಿ ಕೆಲಸ. ಮಗಳು ಶಾಂಭವಿ ಯುಕೆಜಿ ಓದುತ್ತಾಳೆ. ಸ್ಕೂಲ್ ವ್ಯಾನಿನಿಂದ ಇಳಿದರೆ ಅವಳಿಗೆ ಮೊದಲು ಬೈರ, ಆಮೇಲೆ ಅಮ್ಮ.

ಇಂಥ ಮನೆಗೆ ಕಿರಿಕಿರಿ ಶುರುವಾದದ್ದು ಒಂದು ಗೃಹಪ್ರವೇಶದಿಂದ. ನಾಗಸಂದ್ರದಲ್ಲಿ ತಮ್ಮ ಮುನೀಂದ್ರ ಮನೆ ಕಟ್ಟಿಸಿದ್ದ. ಅಕ್ಕ ಬರದಿದ್ದರೆ ಹಾಲು ಉಕ್ಕಿಸುವುದಿಲ್ಲ ಎಂದು ಹಟ ಹಿಡಿದ. ಸೊಣ್ಣಮ್ಮ ಸೊಸೆಗೆ ನೂರು ಸಲ ಹೇಳಿ ಹೋದಳು. ಆದರೆ ಅವಸರದಲ್ಲಿ ವೇಣಿ ಮರೆತಳು. ಎಲ್ಲರೂ ಉಂಡು ಹೋದ ಮೇಲೆ ಮಿಕ್ಕಿದ್ದು ಬೈರನ ಬಟ್ಟಲಿಗೆ ಬಿತ್ತು.

ಸೊಣ್ಣಮ್ಮ ವಾಪಸು ಬಂದಾಗ ಬೈರ ಗೇಟಿಗೆ ಓಡಿ ಬರಲಿಲ್ಲ. ಮೆಟ್ಟಿಲ ಕೆಳಗೆ ಮುದುಡಿ ಕೂತಿದ್ದ. ತಲೆ ಒದರುತ್ತಿದ್ದ, ಹಿಂಗಾಲೆತ್ತಿ ಕಿವಿ ಕೆರೆದುಕೊಳ್ಳುತ್ತಿದ್ದ. ಕರೆದರೆ ಗುರ್ ಎಂದ. ಅವಳ ಮೇಲೆ ಅವನು ಯಾವತ್ತೂ ಗುರ್ ಎಂದವನಲ್ಲ.

"ಅಂಗಾದ್ರೆ ನೀನು ಮೊದಲ ಪಾಲು ಆಕಿಲ್ಲ" ಎಂದಳು ಸೊಣ್ಣಮ್ಮ. ವೇಣಿ ತಲೆ ತಗ್ಗಿಸಿದಳು.

"ನೋಡ್ದಾ, ಬೈರಪ್ಪ ಮುನಿಸ್ಕೊಂಡವ್ನೆ."

ಮುನಿದ ದೇವರನ್ನು ಒಲಿಸಿಕೊಳ್ಳುವುದು ಹೇಗೆ? ಪಾಲು ಹೆಚ್ಚಿಸಬೇಕು. ಸೊಣ್ಣಮ್ಮ ಅದನ್ನೇ ಮಾಡಿದಳು. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಮುದ್ದೆ ಮೇಲೆ ಎರಡು ಸೌಟು ಖಾರದ ಸಾರು, ಸಂಜೆ ಹಾಲು ಬನ್ನು. ಭಾನುವಾರ ಕೋಳಿ ಸಾರು, ಬೆಂದ ಮೂಳೆಗಳ ಸಮೇತ. ಅಮಾವಾಸ್ಯೆಗೆ ತುಪ್ಪ ಸುರಿದ ಒಬ್ಬಟ್ಟು. ಇದರ ಮೇಲೆ ಪಿ.ಜಿ. ಹುಡುಗರ ಬಿಸ್ಕತ್ತು ಬೇರೆ. ಬೈರ ತಿಂದ, ಕಕ್ಕಿದ, ಮತ್ತೆ ತಿಂದ. ಮೈ ದಪ್ಪಗಾಯಿತು, ಕೂದಲು ಉದುರಿತು. ಬೆನ್ನ ಮೇಲೆ ಅಂಗೈಯಗಲ ಚರ್ಮ ಕೆಂಪಗೆ ಕಾಣತೊಡಗಿತು. ಅವನು ಸೊರಗಿದಷ್ಟೂ ಸೊಣ್ಣಮ್ಮ ಬಡಿಸಿದಳು. ಪಾಪ, ಪ್ರೀತಿ ತೋರಿಸಲು ಅವಳಿಗೆ ಗೊತ್ತಿದ್ದದ್ದು ಸೌಟೊಂದೇ.

ಮುರಳಿ ತನ್ನ ಪಾಲಿನ ಔಷಧಿಯನ್ನೂ ತಂದ. ಮೆಷಿನ್ನಿಂದ ಬಸಿದ ಹಳೇ ಎಣ್ಣೆಯನ್ನು ಡಬ್ಬಿಯಲ್ಲಿ ತುಂಬಿಸಿಕೊಂಡು ಬಂದು ಕೆಂಪಗಾದ ಜಾಗಕ್ಕೆ ಬಳಿದ. "ಕಜ್ಜಿಗೆ ಇದೇ ಸರಿ, ನಮ್ ಶ್ಯಾಮಣ್ಣ ಹೇಳ್ದ" ಎಂದ. ಶ್ಯಾಮಣ್ಣ ಗೂಡ್ಸ್ ಆಟೋ ಓಡಿಸುವವನು. ಅವನ ಆಟೋಗೆ ಆ ಎಣ್ಣೆ ಒಗ್ಗಿರಬಹುದು. ಬೈರ ಉರಿ ತಾಳಲಾರದೆ ಗೋಡೆಗೆ ಬೆನ್ನುಜ್ಜಿ ರಕ್ತ ಬರಿಸಿಕೊಂಡ.

ಒಂದು ಭಾನುವಾರ ಮಧ್ಯಾಹ್ನ ಆಗಬಾರದ್ದು ಆಯಿತು. ಅವತ್ತು ಸೊಣ್ಣಮ್ಮನ ಜಗಲಿಯಲ್ಲಿ ಮಹಿಳಾ ಸಂಘದ ಸಭೆ ಇತ್ತು. ಸಭೆ ಮುಗಿದು, ಗೆಳತಿ ಪದ್ಮಾವತಿಯೊಬ್ಬಳು ಕಾಫಿಗೆಂದು ಉಳಿದುಕೊಂಡಿದ್ದಳು. ಪದ್ಮಾವತಿ ಊರಿನ ಪಶು ಸಖಿ. ದನ, ಕುರಿ, ಕೋಳಿ, ನಾಯಿಗಳ ಆರೈಕೆಯ ತರಬೇತಿ ಪಡೆದವಳು. ಬೈರ ಬಟ್ಟಲಿಗೆ ಬಾಯಿ ಹಾಕಿದ್ದ. ಶಾಂಭವಿ ಕೈಯಲ್ಲಿ ಬಿಸ್ಕತ್ತು ಹಿಡಿದು ಮೆಟ್ಟಿಲಿಳಿದು ಬಂದವಳೇ ಹಿಂದಿನಿಂದ ಅವನ ಕುತ್ತಿಗೆ ತಬ್ಬಿಕೊಂಡಳು. ಅವಳ ಕೆನ್ನೆ ಅವನ ಕಿವಿಯನ್ನು ಒತ್ತಿತು.

ಬೈರ ತಿರುಗಿ ಹಲ್ಲು ಹಾಕಿದ. ಮಗುವಿನ ಅಂಗೈ ಮೇಲೆ ಎರಡು ಕಡೆ ರಕ್ತ ಚಿಮ್ಮಿತು.

ಸೊಣ್ಣಮ್ಮ ಅರಿಶಿನ, ಸುಣ್ಣ ಹುಡುಕಿಕೊಂಡು ಅಡುಗೆ ಮನೆಗೆ ಓಡಿದಳು. ಪದ್ಮಾವತಿ ಅವಳ ಕೈಯಿಂದ ಡಬ್ಬಿ ಕಿತ್ತಿಟ್ಟಳು.

"ಅದೇನೂ ಹಾಕ್ಬೇಡಕ್ಕ. ಅರಿಶಿನ ಬೇಡ, ಸುಣ್ಣ ಬೇಡ, ಖಾರದ ಪುಡಿ ಬೇಡ. ಸೋಪು ಕೊಡು."

ಅವಳು ಮಗುವನ್ನು ಎತ್ತಿಕೊಂಡು ಬಚ್ಚಲ ನಲ್ಲಿಗೆ ಹೋದಳು. ಸೋಪು ಹಚ್ಚಿ, ಹರಿಯುವ ನೀರಿನ ಕೆಳಗೆ ಆ ಪುಟ್ಟ ಕೈಯನ್ನು ಹಿಡಿದಳು. ಅಳು ಕೇಳಿ ಕಾವ್ಯಾ ಓಡಿ ಬಂದಳು. "ಸಾಕಲ್ರೀ, ರಕ್ತ ನಿಂತೈತಲ್ಲ" ಎಂದು ಮಗಳನ್ನು ಎಳೆದುಕೊಳ್ಳಲು ನೋಡಿದಳು.

"ಇಲ್ಲಮ್ಮ, ಹದಿನೈದು ನಿಮಿಷ ತೊಳೀಬೇಕು. ನಾಯಿ ಜೊಲ್ಲಲ್ಲಿ ಹುಚ್ಚಿನ ವಿಷ ಏನಾದ್ರೂ ಇದ್ರೆ ಅದು ತೊಳೆದು ಹೋಗೋದು ಹೀಗೇನೆ. ಬಟ್ಟೆ ಕಟ್ಟೋದು ಬೇಡ. ತೊಳೆದ ತಕ್ಷಣ ಆಸ್ಪತ್ರೆಗೆ ಹೋಗಿ, ಇಂಜೆಕ್ಷನ್ ಇವತ್ತೇ ಶುರು ಆಗ್ಬೇಕು. ಗೀರಿದ್ದಷ್ಟೆ ಅಂತ ಸುಮ್ನೆ ಕೂತವರು ಬದುಕಿಲ್ಲ."

ವಿಶ್ವನಾಥ್ ಗಾಡಿ ತೆಗೆದ. ಅವರು ಆಸ್ಪತ್ರೆಗೆ ಹೋದರು. ಮನೆಯಲ್ಲಿ ಉಳಿದದ್ದು ಮೆಟ್ಟಿಲ ಕೆಳಗೆ ನಡುಗುತ್ತಿದ್ದ ಬೈರ, ಕೋಲು ಹಿಡಿದು ನಿಂತ ಮುರಳಿ, ನಡುವೆ ಕೈ ಚಾಚಿ ನಿಂತ ಸೊಣ್ಣಮ್ಮ.

"ಸರ್ಕೊ ಅಮ್ಮಾ. ಇವತ್ತು ಮಗುಗೆ ಕಚ್ತು, ನಾಳೆ ನಿಂಗೆ ಕಚ್ಚುತ್ತೆ. ಶ್ಯಾಮಣ್ಣನ ಆಟೋ ಕರೆಸಿ ಆನೇಕಲ್ ಆಚೆ ಕಾಡಂಚಲ್ಲಿ ಬಿಟ್ಬಿಟ್ಟು ಬರ್ತೀನಿ."

"ಬಿಡೋ ಹಾಗಿಲ್ಲ ಮುರಳಿ" ಎಂದಳು ಪದ್ಮಾವತಿ. "ಕಚ್ಚಿದ ನಾಯಿ ಹತ್ತು ದಿನ ಕಣ್ಣೆದುರಿಗೇ ಇರ್ಬೇಕು. ಹುಚ್ಚು ಇದ್ರೆ ಅಷ್ಟರಲ್ಲಿ ಅದರ ಮೈಯಲ್ಲಿ ತೋರುತ್ತೆ. ನೀನು ಓಡಿಸಿಬಿಟ್ರೆ ಆ ಮಗುವಿನ ತಾಯಿ ದಿನಾ ಯಾವ ಧೈರ್ಯದ ಮೇಲೆ ಮಲಗ್ಬೇಕು? ಅದೂ ಅಲ್ಲದೆ, ಬೇರೆ ನಾಯಿಗಳ ಜಾಗದಲ್ಲಿ ಇವನನ್ನ ಬಿಟ್ರೆ ಅವು ಹರಿದು ಹಾಕ್ತವೆ. ಕೋಲು ಕೆಳಗಿಡು."

ಆಸ್ಪತ್ರೆಯ ಡಾಕ್ಟರೂ ಅದನ್ನೇ ಹೇಳಿ ಕಳಿಸಿದ್ದರು. ಸಂಜೆ ಕಾವ್ಯಾ ಮಗಳನ್ನು ಹೆಗಲಿಗೆ ಹಾಕಿಕೊಂಡು ಬಂದು ಮೆಟ್ಟಿಲ ಮೇಲೆ ನಿಂತಳು. ಅವಳ ಕಣ್ಣು ಊದಿದ್ದವು.

"ಹತ್ತು ದಿವಸ ನೋಡ್ತೀನ್ರೀ ಆಂಟಿ. ಸಿಟ್ಟಿಲೆ ಹೇಳಾಕತ್ತಿಲ್ಲ, ನನಗ ಅಂಜಿಕಿ ಆಗೇತಿ. ಆಮ್ಯಾಲ ಆ ನಾಯಿರ ಇರಬೇಕು, ಇಲ್ಲಾ ನಾವರ ಇರಬೇಕು."

ಮುರಳಿ ಅಲ್ಲೇ ಫೋನ್ ಮಾಡಿ ಶ್ಯಾಮಣ್ಣನಿಗೆ ಹತ್ತು ದಿನ ಕಳೆದ ಮಾರನೇ ದಿನ ಬೆಳಿಗ್ಗೆ ಆಟೋ ತರಲು ಹೇಳಿದ.

ಮರುದಿನ ಪದ್ಮಾವತಿ ಬೈರನ ಮೂತಿಗೆ ಬಲೆಯ ಚೀಲ ಹಾಕಿ, ಸೊಣ್ಣಮ್ಮನನ್ನೂ ಕರೆದುಕೊಂಡು ಪಶು ಆಸ್ಪತ್ರೆಗೆ ಹೋದಳು. ಡಾಕ್ಟರ್ ಸಿದ್ದರಾಮಪ್ಪ ಬ್ಯಾಟರಿ ಹಿಡಿದು ಬೈರನ ಕಿವಿ ನೋಡಿದರು.

"ಬಗ್ಗಿ ನೋಡಮ್ಮ."

ಸೊಣ್ಣಮ್ಮ ಬಗ್ಗಿದಳು. ಕಿವಿಯೊಳಗೆ ಕರೀ ಜಿಡ್ಡು, ಕೀವು, ಕೆಟ್ಟ ವಾಸನೆ. ಅಂಚಿಗೆ ಹುಣಸೆ ಬೀಜದಷ್ಟು ಊದಿದ ಉಣ್ಣೆಗಳು ಕಚ್ಚಿಕೊಂಡಿದ್ದವು.

"ಎಷ್ಟು ದಿನದಿಂದ ಕಿವಿ ಕೆರೀತಾ ಇದೆ?"

"ಗೃಹಪ್ರವೇಶಕ್ಕೆ ಓಗಿ ಬಂದಾಗ್ಲಿಂದ ಸಾಮಿ. ಬೈರಪ್ಪನ ಮುನಿಸು ಅಂತ..."

ಡಾಕ್ಟರು ನಗಲಿಲ್ಲ. "ದೇವರು ಮುನಿಸಿಕೊಂಡಿಲ್ಲಮ್ಮ. ನಾಯಿಗೆ ನೋವು. ನಿಮಗೆ ಯಾವತ್ತಾದ್ರೂ ಹಲ್ಲು ನೋವು ಬಂದಿತ್ತಾ?"

ಸೊಣ್ಣಮ್ಮನಿಗೆ ಹೋದ ಯುಗಾದಿ ನೆನಪಾಯಿತು. ದವಡೆ ಹಲ್ಲು ಸಿಡಿಯುತ್ತಿದ್ದಾಗ, ವೇಣಿ ಪ್ರೀತಿಯಿಂದ ಕೆನ್ನೆಗೆ ಕೈ ಇಟ್ಟಿದ್ದಕ್ಕೆ ಅವಳು ಲಟ್ಟಣಿಗೆ ಎಸೆದಿದ್ದಳು. ಹಬ್ಬದ ದಿನ ಸೊಸೆ ಅತ್ತಿದ್ದಳು. ಆಮೇಲೆ ಸೊಣ್ಣಮ್ಮನನ್ನು ಯಾರೂ ಆನೇಕಲ್ ಆಚೆ ಬಿಟ್ಟು ಬರಲಿಲ್ಲ. ಅವಳು ಬೈರನ ತಲೆಯನ್ನು ಮೆಲ್ಲಗೆ ಸವರಿ, "ಬಾಯಿಲ್ದೋನು, ಎಂಗೆ ಏಳ್ತಾನೆ" ಎಂದು ಸೆರಗಲ್ಲಿ ಕಣ್ಣೊರೆಸಿಕೊಂಡಳು.

ಡಾಕ್ಟರು ಕಿವಿ ತೊಳೆದು, ಹನಿ ಔಷಧಿ ಕೊಟ್ಟರು. ಉಣ್ಣೆಗೆ, ಚರ್ಮಕ್ಕೆ, ಜಂತುಹುಳುವಿಗೆ ಬೇರೆ ಬೇರೆ ಔಷಧಿ ಬರೆದರು. ಹುಚ್ಚು ನಾಯಿ ರೋಗದ ಲಸಿಕೆ ಮರಿಯಾಗಿದ್ದಾಗ ಒಂದು ಸಲ ಬಿಟ್ಟರೆ ಬೈರನಿಗೆ ಬಿದ್ದಿರಲೇ ಇಲ್ಲ. ಅದು ವರ್ಷ ವರ್ಷ ಹಾಕಿಸಬೇಕಾದ್ದು. "ಹತ್ತು ದಿನ ಕಳೀಲಿ, ಆಮೇಲೆ ಕರ್ಕೊಂಡು ಬನ್ನಿ, ಹಾಕ್ತೀನಿ" ಎಂದರು. ಬೆನ್ನಿನ ಎಣ್ಣೆ ನೋಡಿ ಮಾತ್ರ ಅವರ ಮುಖ ಕೆಂಪಗಾಯಿತು. ನಾಯಿ ಮೈ ನೆಕ್ಕುತ್ತದೆ, ಆ ಎಣ್ಣೆ ಹೊಟ್ಟೆಗೆ ಹೋದರೆ ವಿಷ, ಸೀಮೆಎಣ್ಣೆ ಫಿನೈಲೂ ಹಾಗೆಯೇ ಎಂದು ಬಿಡಿಸಿ ಹೇಳಿದರು. ಮನುಷ್ಯರ ನೋವಿನ ಮಾತ್ರೆಯನ್ನಂತೂ ಅಪ್ಪಿತಪ್ಪಿಯೂ ಕೊಡಬಾರದು ಎಂದರು.

ದಾರಿಯಲ್ಲಿ ಪದ್ಮಾವತಿ ಊಟದ ಮಾತು ತೆಗೆದಳು. "ಅಕ್ಕ, ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ಈ ಬಡಪಾಯಿಗೆ ಎರಡೂ ಗೊತ್ತಿಲ್ಲ. ನಾವು ಹಾಕಿದ್ದೇ ಊಟ, ಅವನು ಗುರ್ ಅಂದಿದ್ದೇ ಮಾತು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತ ಕೆಡಿಸ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಹೊಡೀತವೆ. ಚಾಕಲೇಟ್ ವಿಷ. ಬೆಂದ ಮೂಳೆ ಚೂರಾಗಿ ಕರುಳು ಸೀಳುತ್ತೆ. ಎಣ್ಣೆ, ಖಾರ, ಸಿಹಿ ಯಾವುದೂ ಅವನಿಗೆ ಆಗಲ್ಲ. ಎಷ್ಟೋ ನಾಯಿಗಳಿಗೆ ಹಾಲು ಕೂಡ ಅರಗಲ್ಲ."

"ಮತ್ತೆ ಗಾಳಿ ತಿಂದು ಬದುಕ್ತಾನಾ? ನಮ್ ಅತ್ತೆ ಕಾಲದಾಗೆ ಮನೇಲಿ ಮಾಡಿದ್ನೇ ಆಕ್ತಿದ್ದಿದ್ದು. ಆ ನಾಯಿಗಳು ಗುಂಡುಕಲ್ಲಾಗಿದ್ವು."

"ಆವಾಗ ನಿಮ್ಮ ಮನೇಲಿ ದಿನಾ ಏನು ಮಾಡ್ತಿದ್ರು? ಮುದ್ದೆ, ನೀರು ಮಜ್ಜಿಗೆ. ಒಬ್ಬಟ್ಟು ವರ್ಷಕ್ಕೊಂದು ಸಲ. ನಾಯಿ ಹೊಲದ ತುಂಬ ಓಡಾಡ್ತಿತ್ತು. ಈಗ ದಿನಾ ಹಬ್ಬದ ಊಟ, ಓಡಾಡೋಕೆ ಈ ಗೇಟಿಂದ ಆ ಗೋಡೆಗೆ. ಅವನಿಗೆ ಮುದ್ದೆಯೋ ಅನ್ನವೋ, ಅದರ ಜೊತೆ ಬೇಯಿಸಿದ ಮೊಟ್ಟೆ ಇಲ್ಲಾ ಮೂಳೆ ತೆಗೆದ ಕೋಳಿ ತುಂಡು, ಚೂರು ಕುಂಬಳಕಾಯಿ, ಹುರುಳಿಕಾಯಿ. ಉಪ್ಪು ಖಾರ ಇಲ್ದೆ. ದಿನಕ್ಕೆ ಎರಡೇ ಹೊತ್ತು, ಒಂದೇ ಸಮಯಕ್ಕೆ. ಶುದ್ಧ ನೀರು ಯಾವಾಗ್ಲೂ ಇರ್ಲಿ. ಒಮ್ಮೆಗೇ ಬದಲಾಯಿಸ್ಬೇಡ, ದಿನ ದಿನಾ ಸ್ವಲ್ಪ ಸ್ವಲ್ಪ. ಪಕ್ಕೆ ಮೇಲೆ ಕೈ ಆಡಿಸಿದ್ರೆ ಎಲುಬು ಕೈಗೆ ತಿಳೀಬೇಕು, ಕಣ್ಣಿಗೆ ಎದ್ದು ಕಾಣಬಾರದು. ಆಗ ಊಟ ಸರಿಯಾಗಿದೆ ಅಂತ ಅರ್ಥ."

ಸೊಣ್ಣಮ್ಮ ಹೂಂಗುಟ್ಟಿದಳು. ಔಷಧಿಯನ್ನು ಮನಸಾರೆ ಒಪ್ಪಿದಳು. ಊಟವನ್ನು ಮಾತ್ರ ಒಪ್ಪಲಿಲ್ಲ; ಪದ್ಮಾವತಿ ಹೇಳಿದಳೆಂದು ಒಲ್ಲದ ಮನಸ್ಸಿನಿಂದಲೇ ಸಪ್ಪೆ ಮುದ್ದೆ ಹಾಕತೊಡಗಿದಳು. ಬೇರೆ ಪಾತ್ರೆಯಲ್ಲಿ ಬೇರೆ ಅಡುಗೆ ಮಾಡಿ ಹಾಕಿದರೆ ಅದು ಬರೀ ನಾಯಿ ಊಟ. ಮನೆಯವರು ಉಣ್ಣುವುದರಲ್ಲಿ ಮೊದಲು ತೆಗೆದದ್ದು ಬೈರಪ್ಪನ ಪಾಲು. ಒಮ್ಮೆ ತಪ್ಪಿದ್ದಕ್ಕೇ ಇಷ್ಟಾಗಿದೆ ಎನ್ನುವ ಹೆದರಿಕೆ ಅವಳ ಎದೆಯಿಂದ ಇನ್ನೂ ಹೋಗಿರಲಿಲ್ಲ.

ಔಷಧಿ ಬಿದ್ದ ಮೇಲೆ ಬೈರ ತಲೆ ಒದರುವುದು ಕಡಿಮೆಯಾಯಿತು. ಒಂದು ಬೆಳಿಗ್ಗೆ ಸೊಣ್ಣಮ್ಮನ ಕಾಲ ಬಳಿ ಬಂದು ಹಣೆ ಒರಗಿಸಿ ನಿಂತ. ಅವಳ ಜೀವ ಕರಗಿ ಹೋಯಿತು. ಇಂಥವನಿಗೆ ಸಪ್ಪೆ ಮುದ್ದೆ ಹಾಕಿ ದೇವರಿಗೂ ದ್ರೋಹ ಮಾಡುತ್ತಿದ್ದೇನಲ್ಲ ಎನ್ನಿಸಿತು. ಅವತ್ತು ಭಾನುವಾರ. ವೇಣಿ ನೀರಿಗೆ ಹೋದ ಹೊತ್ತು ನೋಡಿ, ಒಲೆ ಮೇಲಿನ ಕೋಳಿ ಸಾರನ್ನು ಸೌಟು ತುಂಬ ಎತ್ತಿ ಕಲ್ಲಿನ ಬಟ್ಟಲಿಗೆ ಹಾಕಿದಳು. ಮೇಲೊಂದು ತುಂಡು ಒಬ್ಬಟ್ಟನ್ನೂ ಇಟ್ಟಳು. ಕೈ ಮುಗಿದು, "ತಪ್ಪಾಯ್ತು ಕಣಪ್ಪ" ಎಂದಳು.

ಸಂಜೆಯ ಹೊತ್ತಿಗೆ ಬೈರ ಕಕ್ಕತೊಡಗಿದ. ಹೊಟ್ಟೆ ಕೆಟ್ಟಿತು. ನೀರು ಕೂಡ ಮುಟ್ಟಲಿಲ್ಲ. ಮೆಟ್ಟಿಲ ಕೆಳಗೆ ಅಡ್ಡಡ್ಡ ಬಿದ್ದುಕೊಂಡ. ವೇಣಿ ಪದ್ಮಾವತಿಯನ್ನು ಕರೆಸಿದಳು.

ಹತ್ತು ದಿನ ಇನ್ನೂ ಮುಗಿದಿರಲಿಲ್ಲ. ನಾಯಿ ನೀರು ಮುಟ್ಟುತ್ತಿಲ್ಲ ಎಂಬ ಮಾತು ಕಿವಿಗೆ ಬಿದ್ದಾಗ ಕಾವ್ಯಾ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಮಗಳನ್ನು ಎಳೆದು ಮಡಿಲಿಗೆ ಹಾಕಿಕೊಂಡಳು. "ಹುಚ್ಚು ಹಿಡದದ್ದಕ್ಕ ಹಿಂಗ ಆಗತೈತೇನ್ರೀ ಪದ್ಮಕ್ಕಾ" ಎಂದು ಕೇಳಿದಳು. ಆ ತಾಯಿಯ ಮುಖ ನೋಡಿ ಸೊಣ್ಣಮ್ಮನಿಗೆ ಭೂಮಿ ಬಾಯಿ ಬಿಡಬಾರದೆ ಎನ್ನಿಸಿತು.

ಪದ್ಮಾವತಿ ಮುಚ್ಚುಮರೆಯಿಲ್ಲದೆ ಹೇಳಿದಳು. "ನನಗೆ ಗೊತ್ತಿಲ್ಲಮ್ಮ. ಡಾಕ್ಟರೇ ನೋಡ್ಬೇಕು. ಅಲ್ಲಿವರೆಗೆ ಯಾರೂ ಹತ್ತಿರ ಹೋಗ್ಬೇಡಿ." ಆಮೇಲೆ ಸೊಣ್ಣಮ್ಮನ ಕಡೆ ತಿರುಗಿದಳು. "ಅಕ್ಕ, ಏನು ಹಾಕ್ದೆ?"

ಸೊಣ್ಣಮ್ಮ ಸುಳ್ಳು ಹೇಳಬಹುದಿತ್ತು. ಕಾವ್ಯಾಳ ಮುಖ ನೋಡಿ ಹೇಳಲಾಗಲಿಲ್ಲ. ಸಾರು, ಮೂಳೆ, ಒಬ್ಬಟ್ಟು, ಎಲ್ಲವನ್ನೂ ಒಪ್ಪಿಕೊಂಡಳು. ಮುರಳಿ ಕೆಂಡಾಮಂಡಲವಾದ.

ಡಾಕ್ಟರು ಬಂದು ಕೈಗವಸು ಹಾಕಿಕೊಂಡು ಪರೀಕ್ಷೆ ಮಾಡಿದರು. ಇದು ಹೊಟ್ಟೆ ಕೆಟ್ಟದ್ದು, ಎಣ್ಣೆ ಮಸಾಲೆಯ ಕೆಲಸ, ಹುಚ್ಚಿನ ಲಕ್ಷಣ ಕಾಣುತ್ತಿಲ್ಲ ಎಂದರು. ಸೂಜಿ ಕೊಟ್ಟರು. "ಹಾಗಂತ ಮೈಮರೆಯೋ ಹಾಗಿಲ್ಲ. ಮಗುವಿನ ಇಂಜೆಕ್ಷನ್ ಒಂದನ್ನೂ ತಪ್ಪಿಸಬೇಡಿ" ಎಂದು ಕಾವ್ಯಾಳಿಗೆ ಹೇಳಿದರು. ಸೊಣ್ಣಮ್ಮನಿಗೆ ಅವರು ಹೇಳಿದ್ದು ಒಂದೇ ಮಾತು. "ಅಮ್ಮ, ಅತಿಯಾದರೆ ಅಮೃತವೂ ವಿಷ. ಮೂಳೆ ಚೂರು ಸಿಕ್ಕಿಕೊಂಡಿದ್ದರೆ ಇವತ್ತು ನೀವು ಇವನನ್ನ ಕಳ್ಕೋತಿದ್ರಿ."

ಮಾರನೇ ದಿನ ಸೊಣ್ಣಮ್ಮ ಬಸ್ಸಾರಿಗೆ ಇಟ್ಟಳು. ಬೇಳೆ, ಹುರುಳಿಕಾಯಿ ಬೇಯಿಸಿ, ನೀರು ಬಸಿದು ಜಾಲರಿ ತಟ್ಟೆಗೆ ಸುರಿದಳು. ಬಸಿದ ನೀರಿಗೆ ಮಸಾಲೆ ರುಬ್ಬಿ ಹಾಕಬೇಕು. ವೇಣಿ ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಉಪ್ಪಿನ ಡಬ್ಬಿಗೆ ಕೈ ಹಾಕಿದ ಸೊಣ್ಣಮ್ಮ ಹಾಗೇ ನಿಂತಳು.

ಅತ್ತೆ ಹೇಳುತ್ತಿದ್ದ ಮಾತು ನೆನಪಾಗಿತ್ತು. ಹೊಸದಾಗಿ ಮದುವೆಯಾಗಿ ಬಂದಿದ್ದಾಗ, ಸಾರಿನ ಉಪ್ಪು ಸರಿಯಿದೆಯೇ ಎಂದು ಅವಳು ಅಂಗೈಗೆ ಬಿಟ್ಟುಕೊಂಡು ನೆಕ್ಕಿದ್ದಳು. ಅತ್ತೆ ಸೌಟಿನಿಂದಲೇ ಕೈಗೆ ತಟ್ಟಿ, "ಉಪ್ಪು ನೋಡೋಕೆ ಮುಂಚೆ ದೇವ್ರ ಪಾಲು ತೆಗೀಬೇಕು ಕಣೆ. ನಾಲಗೆಗೆ ರುಚಿ ನಮ್ದು, ದೇವ್ರುದಲ್ಲ" ಎಂದಿದ್ದಳು.

"ವೇಣಿ, ಆ ಈರುಳ್ಳಿ ತಡಿ."

"ಯಾಕತ್ತೆ?"

"ಉಪ್ಪು ಬಿದ್ದಿಲ್ಲ, ಖಾರ ಬಿದ್ದಿಲ್ಲ, ಒಗ್ಗರಣೆ ಬಿದ್ದಿಲ್ಲ. ಈಗ್ಲೇ ತೆಗೆದ್ರೆ ಇದು ನಾವು ಉಣ್ಣೋ ಅಡುಗೇನೇ ಅಲ್ವಾ? ನಾನು ಇಷ್ಟು ದಿನ ಎಲ್ಲಾ ಬಿದ್ದ ಮೇಲೆ ತೆಗೀತಿದ್ದೆ. ಅದೆಂಗೆ ಮೊದಲ ಪಾಲಾಯ್ತದೆ?"

ವೇಣಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವಳೇ ಬಟ್ಟಲು ತಂದಳು. ಬೇಳೆ, ಹುರುಳಿಕಾಯಿ ಒಂದಿಷ್ಟು, ಉಪ್ಪಿಲ್ಲದೆ ತಿರುವಿದ ಮುದ್ದೆಯಲ್ಲಿ ಒಂದು ಚೂರು, ಹೊಟ್ಟೆ ಸರಿಹೋಗುವ ತನಕ ಅಷ್ಟೇ ಸಾಕೆಂದು ಇಬ್ಬರೂ ಮಾತಾಡಿಕೊಂಡರು. ಆರಿದ ಮೇಲೆ ಬೈರನ ಮುಂದಿಟ್ಟರು. ಅವನು ಮೂಸಿದ, ಮೇಲೆ ನೋಡಿದ, ನಿಧಾನವಾಗಿ ತಿಂದು ಬಟ್ಟಲು ನೆಕ್ಕಿದ. ಸೊಣ್ಣಮ್ಮ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಅದು ನೆಮ್ಮದಿಯ ಅಳು.

ಇನ್ನು ಮುಂದೆ ಕೋಳಿ ತಂದ ದಿನ ಮೂಳೆಯಿಲ್ಲದ ನಾಲ್ಕು ತುಂಡು ಮೊದಲೇ ಬೆಂದು ಈಚೆ ಬರಬೇಕು, ಒಬ್ಬಟ್ಟಿನ ದಿನ ಬೆಲ್ಲ ಹಾಕುವ ಮುಂಚಿನ ಬೇಳೆ ಎಂದು ಅತ್ತೆ ಸೊಸೆ ಗೊತ್ತು ಮಾಡಿಕೊಂಡರು. ಪಿ.ಜಿ. ಹುಡುಗರ ಹತ್ತಿರ ಸೊಣ್ಣಮ್ಮನೇ ಹೋಗಿ, "ಬಿಸ್ಕತ್ ಆಕ್ಬೇಡ್ರಪ್ಪ, ಬೇಕಾದ್ರೆ ಅತ್ತು ದಿನ ಕಳೆದ್ಮೇಲೆ ಅವನ್ನ ಒಂದ್ ಸುತ್ತು ತಿರುಗಾಡಿಸ್ಕೊಂಡ್ ಬನ್ನಿ" ಎಂದು ಕೇಳಿಕೊಂಡಳು. ಹುಡುಗರು ನಕ್ಕು ಒಪ್ಪಿದರು. ಮುರಳಿ ಬೆಳಿಗ್ಗೆ ಬೆಳಿಗ್ಗೆ ಅವನ ಮೈ ಸವರಿ ಉಣ್ಣೆ ಹುಡುಕತೊಡಗಿದ. ಕಾಡಂಚಲ್ಲಿ ಬಿಟ್ಟು ಬರುತ್ತೇನೆಂದವನು ಯಾಕೆ ಹುಡುಕುತ್ತಿದ್ದಾನೆಂದು ಯಾರೂ ಕೇಳಲಿಲ್ಲ.

ಪದ್ಮಾವತಿ ಒಂದು ಸಂಜೆ ಶಾಂಭವಿಯನ್ನು ಪಕ್ಕ ಕೂರಿಸಿಕೊಂಡಳು. ಬೈರ ದೂರದಲ್ಲಿ ಉಣ್ಣುತ್ತಿದ್ದ.

"ನೀನು ಊಟ ಮಾಡುವಾಗ ಯಾರಾದ್ರೂ ತಟ್ಟೆ ಎಳೆದ್ರೆ?"

"ಸಿಟ್ಟು ಬರ್ತದ."

"ಅವನಿಗೂ ಹಂಗೇ ಪುಟ್ಟಿ. ಉಣ್ಣುವಾಗ, ಮಲಗಿರುವಾಗ, ಮರಿ ಹಾಕಿರುವಾಗ ನಾಯಿ ಹತ್ರ ಹೋಗ್ಬಾರ್ದು. ಹಿಂದಿನಿಂದ ತಬ್ಬಿಕೊಳ್ಳಬಾರ್ದು. ಅವನಾಗೇ ಬಂದು ಮೂಸಿದ್ರೆ ಮಾತಾಡಿಸು. ಗುರ್ ಅಂದ್ರೆ 'ನನ್ನ ಬಿಡು' ಅಂತ. ಓಡದೆ ಮೆಲ್ಲಗೆ ಹಿಂದಕ್ಕೆ ಬಾ, ದೊಡ್ಡೋರಿಗೆ ಹೇಳು."

ಕೇಳಿಸಿಕೊಳ್ಳುತ್ತಿದ್ದ ಮುರಳಿಯ ಕಡೆಗೂ ಅವಳು ನೋಡಿದಳು. "ದೊಡ್ಡೋರು ಗುರ್ ಅಂದಿದ್ದಕ್ಕೆ ಹೊಡೀಬಾರ್ದು. ಹೊಡೆದ್ರೆ ಅದು ಗುರ್ ಅನ್ನೋದು ಬಿಟ್ಟು ನೇರ ಕಚ್ಚೋದು ಕಲಿಯುತ್ತೆ. ಇದ್ದಕ್ಕಿದ್ದಂಗೆ ನಾಯಿ ಗುಣ ಬದಲಾದ್ರೆ ಕೋಲು ಹುಡುಕಬೇಡ, ಡಾಕ್ಟರನ್ನ ಹುಡುಕು."

ಮೆಟ್ಟಿಲ ಮೇಲೆ ನಿಂತಿದ್ದ ಕಾವ್ಯಾ ಮಗಳನ್ನು ಕರೆದುಕೊಂಡು ಮೇಲೆ ಹೋದಳು. ಅವಳ ಮನಸ್ಸು ಯಾವ ಕಡೆ ಎಂದು ಸೊಣ್ಣಮ್ಮನಿಗೆ ತಿಳಿಯಲಿಲ್ಲ.

ಹತ್ತು ದಿನ ಕಳೆಯಿತು. ಮರುದಿನ ಬೆಳಿಗ್ಗೆ ಸೊಣ್ಣಮ್ಮ ರಂಗೋಲಿ ಮುಗಿಸಿ ತಲೆ ಎತ್ತುವಷ್ಟರಲ್ಲಿ ಶ್ಯಾಮಣ್ಣನ ಗೂಡ್ಸ್ ಆಟೋ ಗೇಟಿನ ಮುಂದೆ ನಿಂತಿತ್ತು. ಮುರಳಿ ಒಳಗಿನಿಂದ ಹಗ್ಗ ಹಿಡಿದು ಬಂದ. ಸೊಣ್ಣಮ್ಮನ ಕೈಯಿಂದ ರಂಗೋಲಿ ಬಟ್ಟಲು ಜಾರಿತು.

"ಮುರಳಿ, ಬ್ಯಾಡ ಕಣಪ್ಪ. ಅವನು ಸರಿಯೋಗವ್ನೆ. ನೀನೇ ಬ್ಯಾಗಲ್ಲಿ ತಂದಿದ್ದೋನು."

ಮುರಳಿ ಉತ್ತರ ಕೊಡುವ ಮುಂಚೆ ಮೆಟ್ಟಿಲ ಮೇಲಿಂದ ಕಾವ್ಯಾ ಇಳಿದು ಬಂದಳು. ಆಫೀಸಿನ ಬ್ಯಾಗು ಹೆಗಲಲ್ಲಿತ್ತು. ಶಾಂಭವಿ ಅವಳ ಕೈ ಹಿಡಿದಿದ್ದಳು.

"ನಾನ ಮುರಳಿಯವರಿಗೆ ಹೇಳೀನ್ರೀ ಆಂಟಿ, ಗಾಡಿ ಬ್ಯಾಡ ಅನಬ್ಯಾಡ್ರಿ ಅಂತ. ಇವತ್ತ ಪಶು ಆಸ್ಪತ್ರೆಗೆ ಹೋಗಿ ಬೈರಗ ಸೂಜಿ ಹಾಕ್ಸಿಕೊಂಡ ಬರ್ರಿ. ನನ್ನ ಮಗಳೂ ಹಾಕ್ಸಿಕೊಂಡಾಳ, ಅವನೂ ಹಾಕ್ಸಿಕೊಳ್ಳಲಿ." ಬ್ಯಾಗನ್ನು ಹೆಗಲಿಗೆ ಸರಿಪಡಿಸಿಕೊಂಡು, "ಅವತ್ತ ನೀವು ಖರೇ ಹೇಳಿದ್ರಲ್ಲ, ಸಾರು ಹಾಕಿದ್ದು ನಾನ ಅಂತ. ಅದಕ್ಕ ನನಗ ಧೈರ್ಯ ಬಂತು" ಎಂದಳು.

ಸೊಣ್ಣಮ್ಮ ಅವಳ ಕೈ ಹಿಡಿದುಕೊಂಡಳು. ಮುರಳಿ ಬೈರನ ಕೊರಳಿಗೆ ಹಗ್ಗ ಹಾಕಲು ಬಗ್ಗಿದವನು ಕಲ್ಲಿನ ಬಟ್ಟಲ ಕಡೆ ನೋಡಿ ನಿಂತ.

"ಇವನ್ದು ಊಟ ಆಯ್ತಾ?"

"ಇನ್ನೂ ಇಲ್ಲ. ನಿಂಗೆ ಡ್ಯೂಟಿಗೆ ಒತ್ತಾಯ್ತದೆ, ಓಗು."

"ಡ್ಯೂಟಿ ಇರುತ್ತೆ ಬಿಡಮ್ಮ. ಅವನು ಉಣ್ಣದೆ ಈ ಮನೇಲಿ ಯಾರು ಎಲ್ಲಿಗೆ ಹೋಗಿದ್ದಾರೆ? ಶ್ಯಾಮಣ್ಣ, ಬಾ, ಎರಡ್ ನಿಮಿಷ ಕೂತ್ಕೋ." ಆಮೇಲೆ ಅಡುಗೆ ಮನೆ ಕಡೆ ಕತ್ತು ಚಾಚಿ ಕೂಗಿದ. "ವೇಣಿ, ಒಗ್ಗರಣೆಗೆ ಮುಂಚೆ ಎತ್ತಿಟ್ಟಿದ್ಯಾ?"

ಇನ್ನು ನಿಮ್ಮ ಮನೆಯ ಒಲೆಯ ಹತ್ತಿರ ಬರೋಣ ಅಕ್ಕಂದಿರೇ, ಅಣ್ಣಂದಿರೇ. ನಿಮ್ಮ ಬಾಗಿಲಲ್ಲೂ ಒಬ್ಬ ಬೈರ ಇರಬಹುದು, ಸಾಕಿದವನೋ, ಬೀದಿಯವನೋ. ಅವನಿಗೆ ಹಾಕುವ ಕೈ ನಿಲ್ಲಿಸಬೇಡಿ, ಸ್ವಲ್ಪ ಬೇಗ ಹಾಕಿ. ಉಪ್ಪು, ಖಾರ, ಈರುಳ್ಳಿ ಬೀಳುವ ಮುಂಚೆ ಅವನ ಪಾಲು ಎತ್ತಿಡಿ. ಬೆಂದ ಮೂಳೆಯನ್ನು ಅವನಿಗೆ ಸಿಗದ ಹಾಗೆ ಎಸೆಯಿರಿ. ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿ, ಜಂತುಹುಳುವಿನ ಔಷಧಿಯನ್ನು ಡಾಕ್ಟರು ಹೇಳಿದ ಹಾಗೆ ಕೊಡಿ. ಯಾರಿಗಾದರೂ ನಾಯಿ ಕಚ್ಚಿದರೆ ಅರಿಶಿನದ ಡಬ್ಬಿಗೆ ಕೈ ಹಾಕದೆ ಸೋಪು, ನಲ್ಲಿ, ಆಸ್ಪತ್ರೆ ಎಂದು ಓಡಿ. ಅವನು ಸಿಡುಕಿದ ದಿನ ಕೋಲು ಎತ್ತುವ ಮುಂಚೆ ಕಿವಿಯೊಳಗೆ ಒಮ್ಮೆ ಇಣುಕಿ ನೋಡಿ. ಎಲ್ಲಿ ನೋಯುತ್ತಿದೆ ಎಂದು ಹೇಳಲು ಅವನಿಗೆ ಬಾಯಿಲ್ಲ, ಕೇಳಲು ನಮಗೆ ಮನಸ್ಸಿದ್ದರೆ ಸಾಕು.